ಡಬ್ಬಿಯಡಿಯ ನೀಲಿ ಚುಕ್ಕೆ

ಹಾಲೇಶಣ್ಣ, ನಿಮ್ಮ ಕ್ಯಾಮರಾದ ಬ್ಯಾಟರಿ ಕೆಡಿಸಿದ್ದು ನೀವಲ್ಲ. ಅದು ಮೊದಲೇ ಕೆಟ್ಟಿತ್ತು. ಕೆಟ್ಟಿದೆ ಎಂದು ಗೊತ್ತಿದ್ದೂ ಅದನ್ನು ಹೊಸ ಡಬ್ಬಿಯೊಳಗೆ ಇಟ್ಟವಳು ನಾನು. ಎರಡು ಡಬ್ಬಿಗಳಲ್ಲಿ ಅದನ್ನೇ ಆರಿಸಿ ನಿಮ್ಮ ಕೈಗೆ ಕೊಟ್ಟವಳು ನಾನು. ಆಮೇಲೆ ನೀವು ಕೇಳಲು ಬಂದಾಗ, ತಪ್ಪು ನಿಮ್ಮದೇ ಎಂದು ಹೇಳಿ ವಾಪಸು ಕಳಿಸಿದವಳೂ ನಾನೇ.

ಹದಿನೈದು ವರ್ಷ ಆಗುತ್ತಾ ಬಂತು. ಬಾಯಿಬಿಟ್ಟು ಹೇಳೋಣವೆಂದರೆ ನನ್ನ ಬಾಯಿಯ ಮೇಲೆ ನನಗೇ ನಂಬಿಕೆಯಿಲ್ಲ — ಕೌಂಟರಿನ ಹಿಂದೆ ನಿಂತು ಪಳಗಿದ ಬಾಯಿ, ಸಿಕ್ಕಿಬಿದ್ದ ಕೂಡಲೇ ಬೇರೆ ದಾರಿ ಹುಡುಕುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಹರಿಹರದ ಬಸ್ ನಿಲ್ದಾಣದ ಹತ್ತಿರ ನೀವು ಮೊನ್ನೆ ಬಂದು ಹೋದಿರಲ್ಲ, ಅದೇ ಜೆರಾಕ್ಸ್ ಅಂಗಡಿಯಲ್ಲಿ ಕೂತಿದ್ದೇನೆ. ಊಟದ ಹೊತ್ತು, ಷಟರ್ ಅರ್ಧ ಎಳೆದಿದ್ದೇನೆ. ನೀವು ನನ್ನ ಗುರುತು ಹಿಡಿಯಲಿಲ್ಲ. ಮುಖ ನೋಡಿ ನಾನೂ ಹಿಡಿಯಲಿಲ್ಲ. ನೀವು ಕೈಚೀಲದಿಂದ ತೆಗೆದ ಡಬ್ಬಿ ನೋಡಿ ಹಿಡಿದೆ.

ಮೊದಲಿಂದ ಹೇಳುತ್ತೇನೆ. ತಪ್ಪಿಸಿಕೊಳ್ಳಲು ಜಾಗ ಉಳಿಯದ ಹಾಗೆ ಹೇಳಬೇಕು.

ಆಗ ನನಗೆ ಇಪ್ಪತ್ತಾರು. ದಾವಣಗೆರೆಯ ಕೆ.ಬಿ. ಬಡಾವಣೆಯಲ್ಲಿ ಒಂದು ಕ್ಯಾಮರಾ ಅಂಗಡಿ, ಅಲ್ಲಿ ಕೌಂಟರಿನ ಕೆಲಸ. ದಿನಾ ಬೆಳಿಗ್ಗೆ ಹರಿಹರದಲ್ಲಿ ಬಸ್ಸು ಹತ್ತಿ ಹೋಗುವುದು, ಸಂಜೆ ನಿಂತುಕೊಂಡು ವಾಪಸು ಬರುವುದು. ಅಂಗೈಯಗಲದ ಡಿಜಿಟಲ್ ಕ್ಯಾಮರಾಗಳ ಕಾಲ ಅದು, ಮೊಬೈಲು ಇನ್ನೂ ಅವನ್ನು ನುಂಗಿ ಹಾಕಿರಲಿಲ್ಲ. ಮೆಗಾಪಿಕ್ಸೆಲ್ಲು, ಜೂಮು ಎಂದು ನಾನು ಶುರು ಹಚ್ಚಿಕೊಂಡರೆ ಗಿರಾಕಿಗೆ ತಲೆಯಾಡಿಸದೆ ಗತಿಯಿರಲಿಲ್ಲ. ಅದಾದ ಮೇಲೆ ಡಬ್ಬಿಯ ಜೊತೆ ಏನೇನು ಬರುತ್ತದೆ ಎಂದು ತೋರಿಸುವುದು. ಬ್ಯಾಟರಿ, ಚಾರ್ಜರು, ಮುಂಗೈಗೆ ಹಾಕಿಕೊಳ್ಳುವ ದಾರ, ಕಂಪ್ಯೂಟರಿಗೆ ಜೋಡಿಸುವ ವೈರು, ಒಂದು ಸಿ.ಡಿ., ಮೇಲೆ ಫ್ರೀ ಎಂದು ಒಂದು ಪೌಚು ಮತ್ತು ಮೆಮೊರಿ ಕಾರ್ಡು. ಬೀಗರ ಮುಂದೆ ಸೀರೆ, ಕುಪ್ಪಸ ಹರಡಿದ ಹಾಗೆ ಒಂದೊಂದನ್ನೇ ಗಾಜಿನ ಮೇಲೆ ಸಾಲಾಗಿ ಇಡುತ್ತಿದ್ದೆ. ಒಮ್ಮೆ ಚಾರ್ಜ್ ಮಾಡಿದರೆ ಇನ್ನೂರ ನಲವತ್ತು ಫೋಟೋ ಎಂದು ಡಬ್ಬಿಯ ಮೇಲೆ ಅಚ್ಚಾಗಿತ್ತು. ಅದನ್ನು ಬೆರಳಿಟ್ಟು ಓದಿ ತೋರಿಸುತ್ತಿದ್ದೆ.

ಗಾಜಿನ ಪೆಟ್ಟಿಗೆಯಲ್ಲಿ ಒಂದು ಕ್ಯಾಮರಾ ಸದಾ ಹೊರಗಿರುತ್ತಿತ್ತು. ಡೆಮೊ ಪೀಸು ಎನ್ನುತ್ತಿದ್ದೆವು. ಬಂದವರೆಲ್ಲ ಅದನ್ನೇ ಹಿಡಿದು, ತಿರುಗಿಸಿ, ಪಕ್ಕದವರ ಫೋಟೋ ಹೊಡೆದು ನಗುತ್ತಿದ್ದರು. ಬೆಳಗಿಂದ ಸಂಜೆಯವರೆಗೆ ಅದೇ ಕೆಲಸ. ಅದರ ಬ್ಯಾಟರಿ ಎಷ್ಟು ದಿನ ತಡೆದೀತು? ಒಂದು ವರ್ಷಕ್ಕೇ ಸುಸ್ತಾಯಿತು. ಚಾರ್ಜಿಗೆ ಹಾಕಿದರೆ ಗಂಟೆಯೊಳಗೇ ಹಸಿರು ದೀಪ ಬಂದುಬಿಡುವುದು, ಪರದೆಯ ಮೇಲೆ ಪೂರ್ತಿ ತುಂಬಿದ ಹಾಗೆ ಗುರುತು ತೋರಿಸುವುದು, ಫ್ಲ್ಯಾಶ್ ಹೊಡೆದ ಕೂಡಲೇ ಲೆನ್ಸು ಒಳಗೆ ಎಳೆದುಕೊಂಡು ಕಣ್ಣು ಮುಚ್ಚುವುದು. ಗಿರಾಕಿಯ ಕೈಯಲ್ಲೇ ಹಾಗಾದರೆ ವ್ಯಾಪಾರ ಕೆಟ್ಟಿತೆಂದೇ ಲೆಕ್ಕ. ಒಂದು ದಿನ ಸಾಹುಕಾರರು, ಅಂದರೆ ಅಂಗಡಿಯ ಯಜಮಾನರು, ಹೊಸ ಡಬ್ಬಿಯೊಂದರಿಂದ ಬ್ಯಾಟರಿ ತೆಗೆದು ಡೆಮೊಗೆ ಹಾಕಲು ಹೇಳಿದರು. ಹಳೆಯದನ್ನು ಏನು ಮಾಡಲಿ ಎಂದು ಕೇಳಿದೆ. ಅವರು ಫೋನಿನಲ್ಲಿದ್ದರು. ಕೈ ಅಡ್ಡ ಹಿಡಿದು, "ಆ ಡಬ್ಬಿ ನೋಡ್ಕೊಂಡು ಕೊಡು" ಎಂದರು.

ನೋಡ್ಕೊಂಡು — ಯಾರನ್ನು ನೋಡಿಕೊಂಡು ಎಂದು ನನಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

ಡಬ್ಬಿಯ ಸೀಲಿಗೆ ಕೂದಲು ಒಣಗಿಸುವ ಡ್ರೈಯರ್ ಹಿಡಿದೆ. ಬಿಸಿಗೆ ಅಂಟು ಬಿಡುತ್ತದೆ, ನಿಧಾನ ಎಳೆದರೆ ಹರಿಯುವುದಿಲ್ಲ. ಆ ಕೆಲಸದಲ್ಲಿ ನನ್ನ ಕೈ ಚುರುಕು ಎಂದು ಅಂಗಡಿಯಲ್ಲಿ ಹೆಸರಿತ್ತು, ನನಗೂ ಒಳಗೊಳಗೇ ಜಂಬವಿತ್ತು. ಹೊಸ ಬ್ಯಾಟರಿ ತೆಗೆದು ಡೆಮೊಗೆ ಹಾಕಿದೆ. ಹಳೆಯದನ್ನು ಹೊಸ ಕ್ಯಾಮರಾದೊಳಗೆ ತುರುಕಿ, ಆನ್ ಆಗುತ್ತದೋ ಇಲ್ಲವೋ ಎಂದು ಒಂದು ಫೋಟೋ ಹೊಡೆದೆ. ಫ್ಲ್ಯಾಶ್ ಇಲ್ಲದೆ ಹೊಡೆದೆ — ಫ್ಲ್ಯಾಶ್ ಹಾಕಿದರೆ ಏನಾಗುತ್ತದೆ ಎಂದು ಗೊತ್ತಿತ್ತಲ್ಲ. ಕಾರ್ಡು ಇನ್ನೂ ಹಾಕಿರಲಿಲ್ಲ. ಫೋಟೋ ಬಿತ್ತು. ಮತ್ತೆ ಎಲ್ಲವನ್ನೂ ಅದರದರ ಗೂಡಿನಲ್ಲಿ ಇಟ್ಟು ಸೀಲು ಅಂಟಿಸಿದೆ. ಕಪಾಟಿನಲ್ಲಿ ಅದರ ಜೋಡಿ ಇನ್ನೊಂದು ಡಬ್ಬಿ ಇತ್ತು, ಅದು ಮುಟ್ಟದ್ದು. ಎರಡೂ ಕಲೆತು ಹೋಗಬಾರದೆಂದು ಇದರ ಅಡಿಗೆ ಬಾಲ್‌ಪೆನ್ನಿನಿಂದ ಒಂದು ನೀಲಿ ಚುಕ್ಕೆ ಇಟ್ಟೆ.

ಅದಾದ ಒಂದು ವಾರಕ್ಕೆ ನೀವು ಬಂದಿರಿ.

ಬಿಳಿ ಅಂಗಿ, ಜೇಬಿನಲ್ಲಿ ಮಡಿಸಿಟ್ಟ ಕಾಗದಗಳು, ಚಪ್ಪಲಿಯನ್ನು ಅಂಗಡಿಯ ಹೊರಗೇ ಬಿಟ್ಟು ಬಂದಿದ್ದಿರಿ. ಹಾಕಿಕೊಂಡೇ ಬನ್ನಿ ಎಂದರೂ ಕೇಳಲಿಲ್ಲ. ಕೂಡ್ರಿ ಎಂದು ಸ್ಟೂಲು ಸರಿಸಿದೆ, ನೀವು ಕೂರಲಿಲ್ಲ. ಊರು ಭಾನುವಳ್ಳಿ ಎಂದಿರಿ. ಮದುವೆಯಾಗಿ ಎಂಟು ವರ್ಷಕ್ಕೆ ಮಗಳು ಹುಟ್ಟಿದ್ದಾಳೆ, ಮುಂದಿನ ಸೋಮವಾರ ತೊಟ್ಟಿಲಿಗೆ ಹಾಕುತ್ತೇವೆ ಎಂದಿರಿ. ಹೆಸರಿಡುವ ತನಕ ಕೂಸಿನ ಫೋಟೋ ತೆಗೆಯಬಾರದೆಂದು ನಿಮ್ಮ ತಾಯಿ ಪಟ್ಟು ಹಿಡಿದಿದ್ದರಂತೆ, ಆಯುಷ್ಯ ಕಡಿಮೆಯಾಗುತ್ತದೆ ಎಂದು. ನಮ್ಮ ಮನೆಯಲ್ಲೂ ಹಾಗೇ ಅನ್ನುತ್ತಿದ್ದರು. ಸ್ಟುಡಿಯೋದವರನ್ನು ಕರೆಸಿದರೆ ಒಂದೇ ದಿನದ ಫೋಟೋ ಆಗುತ್ತದೆ, ನಮ್ಮದೇ ಒಂದಿದ್ದರೆ ತಿಂಗಳು ತಿಂಗಳು ತೆಗೆಯಬಹುದು, ಕೂಸು ಬೆಳೆಯುವುದೆಲ್ಲ ಸಾಲಾಗಿ ಕಾಣುತ್ತದೆ ಎಂದಿರಿ. ನಿಮಗೆ ಅಷ್ಟೊಂದು ಮಾತಾಡುವ ರೂಢಿ ಇರಲಿಲ್ಲ ಅನಿಸುತ್ತದೆ, ಹೇಳಿ ಮುಗಿಸಿ ನಾಚಿಕೊಂಡಿರಿ.

ಎರಡು ಡಬ್ಬಿಗಳೂ ನನ್ನ ಬೆನ್ನ ಹಿಂದೆ ಇದ್ದವು. ನಾನು ನಿಮ್ಮ ಬರಿಗಾಲು ನೋಡಿದೆ, ಹಾಲೇಶಣ್ಣ. ಈ ಮನುಷ್ಯ ತಿರುಗಿ ಬಂದು ಜಗಳ ತೆಗೆಯುವವನಲ್ಲ ಎಂದುಕೊಂಡೆ. ಅಷ್ಟೇ ಯೋಚಿಸಿದ್ದು, ಅದಕ್ಕಿಂತ ಹೆಚ್ಚು ಹೊತ್ತು ಹಿಡಿಯಲಿಲ್ಲ. ನಮ್ಮಪ್ಪನೂ ಅಂಗಡಿಯ ಹೊರಗೆ ಚಪ್ಪಲಿ ಬಿಡುತ್ತಿದ್ದವನೇ. ಅಂಥವರು ಹೇಗೆ ಸುಮ್ಮನಾಗುತ್ತಾರೆ ಎಂಬುದು ನನಗೆ ಮನೆಯಲ್ಲೇ ಗೊತ್ತಿತ್ತು. ಗೊತ್ತಿದ್ದದ್ದನ್ನು ಹೀಗೆ ಬಳಸಿಕೊಂಡೆ.

ಕೊಳ್ಳುವವರು ಕೌಂಟರಿನಲ್ಲೇ ಒಂದು ಫೋಟೋ ಹೊಡೆದು ನೋಡುವುದು ಪದ್ಧತಿ. ಹೊಡೆದು ನೋಡುತ್ತೀರಾ ಎಂದು ಕೇಳದಿದ್ದರೆ ಅನುಮಾನ ಬರುತ್ತದೆಂದು ಕೇಳಿದೆ. ನೀವು ಎರಡೂ ಕೈ ಅಡ್ಡ ಹಿಡಿದಿರಿ.

"ಬ್ಯಾಡ್ರಿ ಮೇಡಂ. ಮೊದಲನೇದು ಮಗಳದೇ ಬೀಳ್ಲಿ."

ನನಗೆ ಎಷ್ಟು ಸಮಾಧಾನವಾಯಿತೆಂದರೆ, ಒಂದು ಕ್ಯಾಲೆಂಡರು ಹೆಚ್ಚಿಗೆ ಕೊಟ್ಟೆ.

ಬಿಲ್ಲು ಬರೆದು ಸಹಿ ಹಾಕಿದೆ. ಮೊದಲ ಸಲ ಎಂಟು ತಾಸು ಚಾರ್ಜಿಗೆ ಹಾಕಬೇಕು ಎಂದು ಹೇಳಿದೆ. ಎಲ್ಲರಿಗೂ ಹೇಳುತ್ತಿದ್ದ ಮಾತು, ಅದು ನಿಜವೋ ಸುಳ್ಳೋ ನಮಗೇ ಗೊತ್ತಿರಲಿಲ್ಲ. ನೀವು ಎರಡು ಸಲ ಕೇಳಿ ಗಟ್ಟಿ ಮಾಡಿಕೊಂಡಿರಿ. ಎಂಟು ತಾಸು.

ಮುಂದೆ ಆದದ್ದನ್ನು ನೀವೇ ಬಂದು ಹೇಳಿದಿರಿ, ತೊಟ್ಟಿಲಿಗೆ ಹಾಕಿದ ನಾಲ್ಕನೇ ದಿನ. ಊರಲ್ಲಿ ಕರೆಂಟು ಹೋಗಿ ಬರುತ್ತದೆಂದು ಬೇರೆ ಲೈನಿದ್ದ ಹಿಟ್ಟಿನ ಗಿರಣಿಗೆ ತೆಗೆದುಕೊಂಡು ಹೋಗಿ, ಅಲ್ಲಿ ಚಾರ್ಜಿಗೆ ಹಾಕಿ, ಪಕ್ಕದಲ್ಲೇ ಕೂತಿದ್ದಿರಂತೆ — ಯಾರಾದರೂ ಕೈ ಹಚ್ಚಿಯಾರು ಎಂದು ಊಟಕ್ಕೂ ಏಳದೆ. ಒಂದು ತಾಸಿಗೇ ಹಸಿರು ದೀಪ ಬಂತು, ಆದರೂ ತೆಗೆಯಲಿಲ್ಲ, ಎಂಟು ತಾಸು ಅಂದಿದ್ದಿರಲ್ಲ ಮೇಡಂ ಎಂದಿರಿ. ಮೈ ಕೈಯೆಲ್ಲ ಹಿಟ್ಟು ಮಾಡಿಕೊಂಡು ಮನೆಗೆ ಹೋದಿರಿ. ಸೋಮವಾರ ನೆಂಟರೆಲ್ಲ ಸೇರಿದ್ದರು. ಕ್ಯಾಮರಾ ತಂದಿದ್ದಾರೆ ಎಂದು ಎಲ್ಲರಿಗೂ ಗೊತ್ತಿತ್ತು, ಹರಿಹರದ ಫೋಟೋದವರಿಗೆ ಯಾರೂ ಹೇಳಿ ಕಳಿಸಿರಲಿಲ್ಲ. ಇದ್ದ ಮೊಬೈಲುಗಳು ಬರೀ ಮಾತಾಡುವ ಮೊಬೈಲುಗಳು. ಸಿಂಚನ ಎಂದು ಕಿವಿಯಲ್ಲಿ ಹೆಸರು ಹೇಳಿದರು. ನಿಮ್ಮ ಮನೆಯವರು, ರತ್ನಕ್ಕ, ಕೂಸನ್ನು ಎತ್ತಿ ನಿಮ್ಮ ಕಡೆ ಮುಖ ಮಾಡಿ ಹಿಡಿದರು. ಒಳಮನೆ ಕತ್ತಲು. ನೀವು ಒತ್ತಿದಿರಿ, ಫಳಕ್ಕನೆ ಬೆಳಕು ಬಂತು, ಕೂಸು ಕಣ್ಣು ಪಿಳುಕಿಸಿತು, ಎಲ್ಲರೂ ನಕ್ಕರು. ಲೆನ್ಸು ಒಳಗೆ ಹೋಯಿತು. ಮತ್ತೆ ಹೊರಗೆ ಬರಲಿಲ್ಲ.

ಇಷ್ಟನ್ನು ಹೇಳಿ ನೀವು ಕ್ಯಾಮರಾ ಗಾಜಿನ ಮೇಲೆ ಇಟ್ಟಿರಿ. ನಿಮ್ಮ ಮೊಣಕೈ ಗಾಜಿಗೆ ಊರಿತ್ತು. ಅದರ ಕೆಳಗೆ, ಒಂದು ಗೇಣು ದೂರದಲ್ಲಿ, ಡೆಮೊ ಪೀಸು ದೀಪ ಉರಿಸಿಕೊಂಡು ಕೂತಿತ್ತು. ನಿಮ್ಮ ಬ್ಯಾಟರಿ ಅದರೊಳಗೆ ಇತ್ತು, ಹಾಲೇಶಣ್ಣ. ಮುಚ್ಚಳ ತೆಗೆದು ಅದನ್ನು ಇದಕ್ಕೆ ಹಾಕಲು ಅರ್ಧ ನಿಮಿಷ ಸಾಕಿತ್ತು. ಸಂಜೆಯ ಬಸ್ಸಿಗೆ ನೀವು ಊರು ಮುಟ್ಟುತ್ತಿದ್ದಿರಿ, ಮರುದಿನ ಬೆಳಕಲ್ಲಿ ಮಗಳ ಫೋಟೋ ತೆಗೆಯುತ್ತಿದ್ದಿರಿ.

ಸಾಹುಕಾರರು ಆ ಕಡೆ ಮೇಜಿನಲ್ಲಿದ್ದರು, ಕೆಲಸ ಹೋಗುತ್ತದೆಂದು ಹೆದರಿದೆ — ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಪೂರ್ತಿ ನಿಜವಲ್ಲ. ಸಾಹುಕಾರರು ಅಷ್ಟು ಕೆಟ್ಟವರಾಗಿರಲಿಲ್ಲ, ಒಂದು ಮಾತು ಬೈದು ಬಿಡುತ್ತಿದ್ದರು. ಆ ಹೊತ್ತಿಗೆ ನನಗೆ ಹಸಿವಾಗಿತ್ತು. ಊಟದ ಡಬ್ಬಿ ಬಿಚ್ಚಿಟ್ಟು ಎದ್ದು ಬಂದಿದ್ದೆ. ಬೇಗ ಹೋಗಲಿ ಅನಿಸಿತು. ಬೇರೆ ದೊಡ್ಡ ಕಾರಣವೇನಾದರೂ ಇದ್ದಿದ್ದರೆ ಇವತ್ತು ಹೇಳಿಕೊಳ್ಳಲಾದರೂ ಆಗುತ್ತಿತ್ತು.

ನಡುವೆ ಎಲ್ಲಾದರೂ ಚಾರ್ಜ್ ನಿಂತಿತ್ತೇ ಎಂದು ಕೇಳಿದೆ. ನೀವು ಪ್ರಾಮಾಣಿಕರು, ನೆನಪು ಮಾಡಿಕೊಂಡು ಹೇಳಿದಿರಿ. ಗಿರಣಿಯವರು ಊಟಕ್ಕೆ ಹೋಗುವಾಗ ಮೇನ್ ಸ್ವಿಚ್ ಆರಿಸುತ್ತಾರಂತೆ, ಅರ್ಧ ತಾಸು ನಿಂತಿತ್ತಂತೆ. ನನಗೆ ಅಷ್ಟೇ ಬೇಕಿತ್ತು.

"ಅಲ್ಲೇ ಆಗಿದ್ದು ನೋಡ್ರಿ. ಒಂದೇ ಸಮ ಹಾಕ್ಬೇಕಿತ್ತು, ನಡುವೆ ನಿಂತ್ರೆ ಬ್ಯಾಟರಿ ಹೋಗಿಬಿಡ್ತೈತೆ. ನೀವೇ ಕೆಡಿಸ್ಕೊಂಡೀರಿ."

ನಿಮ್ಮ ಮುಖ ಇಳಿದದ್ದನ್ನು ನಾನು ನೋಡಿದೆ. ನೀವು ಕ್ಯಾಮರಾವನ್ನು ಎತ್ತಿ, ಅದರ ದಾರವನ್ನು ಸರಿಮಾಡಿ, ಪೌಚಿಗೆ ಹಾಕಿದಿರಿ. ಹೊಸ ಬ್ಯಾಟರಿ ಹೊರಗಿಂದ ತರಿಸಬೇಕು, ಮುಂದಿನ ವಾರ ಬನ್ನಿ ಎಂದೆ. ತರಿಸುವಂಥದ್ದೇನೂ ಇರಲಿಲ್ಲ, ಇನ್ನೊಂದು ಡಬ್ಬಿ ಹಿಂದೆಯೇ ಇತ್ತು. ಆಗಲಿ ಎಂದಿರಿ. ನಾನು ಹೋಗಿ ಊಟ ಮಾಡಿದೆ.

ಮುಂದಿನ ವಾರ ನೀವು ಬರಲಿಲ್ಲ. ಒಂದು ತಿಂಗಳ ಮೇಲೆ ಬಂದಿರಿ, ಪೂರ್ತಿ ಡಬ್ಬಿಯ ಸಮೇತ. ಎಲ್ಲವನ್ನೂ ನಾನು ಇಟ್ಟ ಹಾಗೆಯೇ ಇಟ್ಟಿದ್ದಿರಿ, ವೈರಿಗೆ ಸುತ್ತಿದ್ದ ತಂತಿಯನ್ನು ಕೂಡ ಬಿಚ್ಚಿರಲಿಲ್ಲ. ಇದನ್ನು ವಾಪಸು ತಗೊಳ್ಳುವುದಾದರೆ ತಗೊಳ್ಳಿ ಎಂದಿರಿ. ಯಾಕೆ ಎಂದು ಸಾಹುಕಾರರು ಕೇಳಿದರು.

"ಕೂಸು ಹೋತ್ರಿ."

ತೊಟ್ಟಿಲಿಗೆ ಹಾಕಿದ ಒಂಬತ್ತನೇ ದಿನ. ಜ್ವರ ಬಂತು, ದಾವಣಗೆರೆಗೆ ಕರೆತಂದಿರಿ, ಉಳಿಯಲಿಲ್ಲ. ಆಸ್ಪತ್ರೆಗೆ ಬಂದ ದಿನ ನೀವು ನಮ್ಮ ಅಂಗಡಿಯ ಮುಂದೆಯೇ ಹಾದು ಹೋಗಿರಬೇಕು. ನಾನು ಬ್ಯಾಟರಿಗೆ ಹಾಕಿದ್ದ ಒಂದು ವಾರದ ಗಡುವು ಇನ್ನೂ ಮುಗಿದಿರಲಿಲ್ಲ.

ಸೀಲು ಒಡೆದ ಮಾಲು ವಾಪಸಿಲ್ಲ ಎಂದು ಸಾಹುಕಾರರು ಮೆಲ್ಲಗೇ ಹೇಳಿದರು. ಅವರಿಗೂ ಕಷ್ಟವಾಗಿರಬೇಕು. ಆ ಸೀಲನ್ನು ಮೊದಲು ಒಡೆದ ಕೈ ಗಾಜು ಒರೆಸುತ್ತಾ ನಿಂತಿತ್ತು. ನೀವು ವಾದ ಮಾಡಲಿಲ್ಲ. ಡಬ್ಬಿಯನ್ನು ಮತ್ತೆ ಚೀಲಕ್ಕೆ ಹಾಕಿ, ನನ್ನ ಕಡೆ ತಿರುಗಿ, ನನಗೆ ಸಮಾಧಾನ ಹೇಳುವವರ ಹಾಗೆ ಹೇಳಿದಿರಿ:

"ನಾ ಮಾಡಿದ ತಪ್ಪಿಗೆ ನೀವೇನ್ ಮಾಡ್ತೀರಿ ಬಿಡ್ರಿ. ನಮ್ಮನೆಯಾಕಿ ಇದರಾಗೆ ಒಂದು ಫೋಟೋ ಬಿದ್ದೈತೆ ಅಂತಾಳೆ. ಇರ್ಲಿ, ನಮ್ಮನ್ಯಾಗೇ ಇರ್ಲಿ."

ಆಗಲಾದರೂ ಹೇಳಬಹುದಿತ್ತು. ನಾಲಿಗೆಯ ತುದಿಗೆ ಬಂದಿತ್ತು ಎಂದು ಬರೆಯಲು ಆಸೆ, ಆದರೆ ಬಂದಿರಲಿಲ್ಲ. ನನ್ನ ತಲೆಯಲ್ಲಿ ಇದ್ದದ್ದು ಒಂದೇ: ಹೋಗಲಿ, ಬೇಗ ಹೋಗಲಿ.

ಆಮೇಲೆ ನನ್ನ ಬದುಕು ನಡೆಯಿತು. ಮದುವೆಯಾಯಿತು, ಆ ಕೆಲಸ ಬಿಟ್ಟೆ, ಮಗ ಹುಟ್ಟಿದ. ನನ್ನ ಗಂಡ ತಿಂಗಳು ತಿಂಗಳು ಅವನ ಫೋಟೋ ತೆಗೆದ — ಮೊಬೈಲಿನಲ್ಲಿ, ಸಾಲಾಗಿ. ನೀವು ಹೇಳಿದ ಹಾಗೆಯೇ. ಅವನು ತೋರಿಸಲು ಬಂದಾಗಲೆಲ್ಲ ನಾನು ಒಲೆಯ ಮೇಲೆ ಏನೋ ಇಟ್ಟಿದ್ದೇನೆ ಎಂದು ಎದ್ದು ಹೋಗುತ್ತಿದ್ದೆ. ಇವಳಿಗೆ ಫೋಟೋ ಅಂದರೆ ಅಲರ್ಜಿ ಎಂದು ಮನೆಯಲ್ಲಿ ತಮಾಷೆ ಮಾಡುತ್ತಾರೆ. ಮಾಡಲಿ. ಅಲರ್ಜಿ ಇರುವವಳು ಹರಿಹರದಲ್ಲಿ ಜೆರಾಕ್ಸ್ ಅಂಗಡಿ ಇಟ್ಟು ದಿನಾ ಪಾಸ್‌ಪೋರ್ಟ್ ಸೈಜ್ ಫೋಟೋ ತೆಗೆಯುವುದು ಹೇಗೆ ಎಂದು ಯಾರೂ ಕೇಳಲಿಲ್ಲ. ಬೇರೆ ಕೆಲಸ ನನಗೆ ಬರುವುದಿಲ್ಲ, ಅಷ್ಟೇ.

ಮೊನ್ನೆ ಗುರುವಾರ ನೀವು ನನ್ನ ಅಂಗಡಿಗೆ ಬಂದಿರಿ. ಕೂದಲು ನೆರೆತಿದೆ, ಕನ್ನಡಕ ಬಂದಿದೆ. ಹಳೆಯ ಕ್ಯಾಮರಾ ಒಂದಿದೆ, ಅದಕ್ಕೆ ಬ್ಯಾಟರಿ ಸಿಗುತ್ತದೆಯೇ ಎಂದಿರಿ. ಚೀಲದಿಂದ ಕುಪ್ಪಸದ ಖಣದಲ್ಲಿ ಸುತ್ತಿದ ಡಬ್ಬಿ ತೆಗೆದಿರಿ. ಅದರ ಮೇಲೆ ವಿಭೂತಿ ಹಚ್ಚಿದ್ದ ಗುರುತು. ಒಂದರ ಮೇಲೊಂದು, ವರ್ಷದ ಮೇಲೆ ವರ್ಷ ಹಚ್ಚಿದ್ದು. ತೊಟ್ಟಿಲಿಗೆ ಹಾಕಿದ ದಿನ ಬಂದಾಗಲೆಲ್ಲ ರತ್ನಕ್ಕ ಇದನ್ನು ಟ್ರಂಕಿನಿಂದ ತೆಗೆದು ದೇವರ ಜಗುಲಿಯ ಮೇಲೆ ಇಟ್ಟು, ವಿಭೂತಿ ಹಚ್ಚಿ, ಹೂವಿಟ್ಟು ಕೈಮುಗಿಯುತ್ತಾರೆ ಎಂದಿರಿ. ನಾನು ಡಬ್ಬಿ ತಿರುಗಿಸಿ ನೋಡಿದೆ. ಅಡಿಯಲ್ಲಿ ನೀಲಿ ಚುಕ್ಕೆ.

ಇಷ್ಟು ವರ್ಷ ಯಾಕೆ ಬ್ಯಾಟರಿ ಹಾಕಿಸಿ ನೋಡಲಿಲ್ಲ ಎಂದು ಕೇಳಿದೆ. ಫೋಟೋ ಇಲ್ಲ ಎಂದು ಗೊತ್ತಾದರೆ ಆ ನಂಬಿಕೆಯೂ ಹೋಗುತ್ತದಲ್ಲ ಎಂದು ರತ್ನಕ್ಕನೇ ಬೇಡ ಅಂದಿದ್ದರಂತೆ. ಆಮೇಲೆ ಇನ್ನೊಬ್ಬ ಮಗಳು ಹುಟ್ಟಿದ್ದಾಳೆ, ಈಗ ಹೈಸ್ಕೂಲು, ಅವಳ ಫೋಟೋ ಬೇಕಾದಷ್ಟಿವೆ. ಆದರೆ ಈಗ ರತ್ನಕ್ಕನ ಕಣ್ಣು ಸಕ್ಕರೆ ಕಾಯಿಲೆಯಿಂದ ಮಂಜಾಗುತ್ತಾ ಬಂದಿದೆ, ಇನ್ನು ಉಳಿಸುವುದು ಕಷ್ಟ ಎಂದಿದ್ದಾರೆ ಡಾಕ್ಟರು. ಪೂರ್ತಿ ಹೋಗುವುದರೊಳಗೆ ಒಂದು ಸಲ ಸಿಂಚನಳ ಮುಖ ನೋಡಬೇಕು ಎಂದು ಅವರೇ ಟ್ರಂಕು ತೆಗೆದು ಕೊಟ್ಟರಂತೆ.

ಇಷ್ಟಾದ ಮೇಲೆ ನೀವು ಸುತ್ತ ನೋಡಿ, ಅಂಗಡಿಯಲ್ಲಿ ಯಾರೂ ಇಲ್ಲ ಎಂದು ಖಾತ್ರಿ ಮಾಡಿಕೊಂಡು, ದನಿ ತಗ್ಗಿಸಿದಿರಿ.

"ನಂಗೊತ್ತೈತ್ರಿ, ಅದರಾಗೆ ಏನೂ ಇರಲ್ಲ. ಚಾರ್ಜ್ ಹಾಕೋದು ತಿಳೀದೆ ನಾನೇ ಕೆಡಿಸಿದ್ದು. ಇಲ್ದಿದ್ರೆ... ಯಾವುದಾದ್ರೂ ಒಂದು ಹೆಣ್ಣುಕೂಸಿನ ಫೋಟೋ ಹಾಕಿ ಕೊಡ್ರಿ. ಆಕಿಗೆ ಕಣ್ಣು ಸರಿ ಕಾಣಲ್ಲ. ತಿಳಿಯಲ್ಲ."

ಹದಿನೈದು ವರ್ಷ ಒಂದೇ ಮನೆಯಲ್ಲಿ ಆ ಹೆಂಗಸಿನ ಎದುರು ಆ ಮಾತು ಹೊತ್ತುಕೊಂಡು ಓಡಾಡಿದ್ದೀರಿ. ನಾನು ಊಟದ ಹೊತ್ತಿಗೆ ಬೇಗ ಹೋಗಲೆಂದು ಆಡಿದ ಮಾತು. ಈಗ ಆ ತಪ್ಪನ್ನು ತುಂಬಿಕೊಡಲು ಹೆಂಡತಿಗೆ ಸುಳ್ಳು ಹೇಳಲು ಹೊರಟಿದ್ದೀರಿ — ಅದನ್ನು ಕೇಳಲು ನಿಮಗೆ ಎಷ್ಟು ಕಷ್ಟವಾಯಿತೆಂದು ಖಣದ ಅಂಚನ್ನು ಮಡಚಿ ಬಿಚ್ಚುತ್ತಿದ್ದ ನಿಮ್ಮ ಕೈ ನೋಡಿದರೇ ತಿಳಿಯುತ್ತಿತ್ತು. ನಾನು ಏನು ಹೇಳಿದೆ? ಸೋಮವಾರ ಬನ್ನಿ ಎಂದೆ. ಮತ್ತೆ ಮುಂದಿನ ವಾರಕ್ಕೆ ಬನ್ನಿ ಎಂದೇ ಹೇಳಿದೆ, ಹಾಲೇಶಣ್ಣ. ನೀವು ಮತ್ತೆ ಆಗಲಿ ಎಂದು ಹೋದಿರಿ.

ಬ್ಯಾಟರಿ ನಿನ್ನೆ ಬಂತು. ಹಳೆಯದನ್ನು ಹೊರಗೆ ತೆಗೆಯಲು ಆಗಲಿಲ್ಲ, ಉಬ್ಬಿ ಗೂಡಿಗೆ ಕಚ್ಚಿಕೊಂಡಿತ್ತು. ಚಿಮಟ ಹಾಕಿ ಎಳೆದೆ. ಹೊಸದನ್ನು ಚಾರ್ಜ್ ಮಾಡಿ ಹಾಕಿದೆ. ಲೆನ್ಸು ಕಿರ್ ಎಂದು ಹೊರಗೆ ಬಂತು. ನಾನು ಅಂಗಡಿಯ ದೇವರ ಪಟದ ಕಡೆ ನೋಡಿದೆ, ಎಷ್ಟೋ ವರ್ಷದ ಮೇಲೆ ಏನನ್ನೋ ಬೇಡಿಕೊಂಡೆ. ಕಾರ್ಡಿನಲ್ಲಿ ಏನೂ ಇರಲಿಲ್ಲ. ಆ ಫ್ಲ್ಯಾಶಿಗೇ ಬ್ಯಾಟರಿ ಕುಸಿದಿತ್ತು, ಫೋಟೋ ಕಾರ್ಡಿಗೆ ಇಳಿಯುವಷ್ಟು ಜೀವ ಅದರಲ್ಲಿ ಉಳಿದಿರಲಿಲ್ಲ. ಆದರೂ ಕೈ ಬಿಡಲಾಗಲಿಲ್ಲ. ಕಾರ್ಡು ಹೊರಗೆ ತೆಗೆದೆ. ಇಂಥ ಕ್ಯಾಮರಾಗಳಲ್ಲಿ ಕಾರ್ಡು ಇಲ್ಲದಾಗ ಒಂದೆರಡು ಫೋಟೋ ಹಿಡಿಯುವಷ್ಟು ಜಾಗ ಒಳಗೇ ಇರುತ್ತದೆ. ಪರದೆಯ ಮೂಲೆಯಲ್ಲಿ ಅಂಕಿ ಬಂತು. ಒಂದು.

ಒಂದು ಫೋಟೋ ಇದೆ. ರತ್ನಕ್ಕ ಹೇಳಿದ್ದು ನಿಜ ಎಂದು ನಾನು ಆ ಒಂದು ಕ್ಷಣ ನಂಬಿದೆ. ಕಣ್ಣಲ್ಲಿ ನೀರು ಬಂದೇಬಿಟ್ಟಿತು.

ಪರದೆಯ ಮೇಲೆ ಟ್ಯೂಬ್‌ಲೈಟು, ಹಿಂದೆ ಡಬ್ಬಿಗಳ ಕಪಾಟು, ಮುಂದೆ ಒಬ್ಬ ಹುಡುಗಿ. ಕ್ಯಾಮರಾವನ್ನು ತನ್ನ ಕಡೆಗೇ ತಿರುಗಿಸಿ ಹಿಡಿದಿದ್ದಾಳೆ. ತಲೆಯಲ್ಲಿ ಮಲ್ಲಿಗೆ. ತಾನು ಮಾಡಿದ ಕೆಲಸ ನಾಜೂಕಾಗಿ ಮುಗಿಯಿತೆಂದು ಹಲ್ಲು ಬಿಟ್ಟು ನಗುತ್ತಿದ್ದಾಳೆ. ಅದು ನಾನು. ಹಳೆಯ ಬ್ಯಾಟರಿ ಒಳಗೆ ತುರುಕಿ, ಆನ್ ಆಗುತ್ತದೋ ಎಂದು ಹೊಡೆದುಕೊಂಡ ಫೋಟೋ.

ಮೊದಲನೆಯದು ಮಗಳದೇ ಬೀಳಲಿ ಎಂದು ನೀವು ಕೈ ಅಡ್ಡ ಹಿಡಿದಿರಿ. ಅಷ್ಟು ಹೊತ್ತಿಗಾಗಲೇ ಮೊದಲನೆಯದು ಬಿದ್ದಾಗಿತ್ತು. ಈ ನಗುವ ಮುಖವನ್ನು ರತ್ನಕ್ಕ ಖಣದಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟು ಕಾಪಾಡಿದ್ದಾರೆ. ವರ್ಷ ವರ್ಷ ಇದಕ್ಕೆ ವಿಭೂತಿ ಹಚ್ಚಿದ್ದಾರೆ, ಹೂವಿಟ್ಟಿದ್ದಾರೆ, ಕೈಮುಗಿದಿದ್ದಾರೆ.

ಒಂದು ಬಟನ್ ಒತ್ತಿದರೆ ಅಳಿಸಿಹೋಗುತ್ತದೆ. ಹೆಬ್ಬೆರಳು ಅದರ ಮೇಲೆಯೇ ಇತ್ತು. ಅಳಿಸಿ, ಏನೂ ಇರಲಿಲ್ಲ ಎಂದು ಹೇಳಿಬಿಡಬಹುದಿತ್ತು. ಅಥವಾ ನೀವು ಕೇಳಿದ್ದನ್ನೇ ಮಾಡಿಕೊಡಬಹುದು. ನನ್ನ ಕಂಪ್ಯೂಟರಿನಲ್ಲಿ ಕೂಸುಗಳಿಗೆ ಬರವಿಲ್ಲ, ಆಧಾರಿಗೆ ಎಂದು ತಿಂಗಳ ಕೂಸುಗಳನ್ನೂ ಎತ್ತಿಕೊಂಡು ಬರುತ್ತಾರೆ. ಇವತ್ತು ಬೆಳಿಗ್ಗೆ ಒಂದು ಹೆಣ್ಣುಕೂಸನ್ನು ಆರಿಸಿ, ಸ್ವಲ್ಪ ಮಸುಕು ಮಾಡಿ, ಪ್ರಿಂಟೂ ತೆಗೆದೆ. ಚೆನ್ನಾಗಿ ಬಂತು. ಆ ಕಾಗದವನ್ನು ಖಣದೊಳಗೆ ಇಟ್ಟು ಮಡಚುವಾಗ ಕೈ ನಿಂತಿತು. ಈ ಕೈಗೆ ಈ ಕೆಲಸ ಗೊತ್ತಿದೆ. ಡಬ್ಬಿಯೊಳಗಿಂದ ನಿಮ್ಮದನ್ನು ತೆಗೆದು ಬೇರೆಯದನ್ನು ಇಟ್ಟು ಸೀಲು ಅಂಟಿಸುವ ಕೆಲಸವೇ ಇದು. ಒಮ್ಮೆ ಮಾಡಿಯಾಗಿದೆ. ಪ್ರಿಂಟನ್ನು ಹರಿದು ಹಾಕಿದೆ.

ಹಾಗೆಂದು ನಿಜ ಹೇಳಿದರೆ ರತ್ನಕ್ಕನಿಗೆ ಏನು ಸಿಗುತ್ತದೆ? ಏನೂ ಇಲ್ಲ. ಇದ್ದ ಒಂದೂ ಹೋಗುತ್ತದೆ. ನಿನ್ನೆಯಿಂದ ಇದನ್ನೇ ತಿರುಗಿಸಿ ಮುರುಗಿಸಿ ನೋಡುತ್ತಿದ್ದೇನೆ, ಯಾವ ಕಡೆಯಿಂದ ನೋಡಿದರೂ ಕೂಸಿನ ಮುಖ ನಿಮಗೆ ಕೊಡಲು ನನ್ನ ಹತ್ತಿರ ಇಲ್ಲ. ಅರ್ಧ ನಿಮಿಷದಲ್ಲಿ ಕೊಡಬಹುದಾಗಿದ್ದ ದಿನ ಕೊಡಲಿಲ್ಲ. ನಿಮಗೆ ಕೊಡಲು ಈಗ ಉಳಿದಿರುವುದು ಒಂದೇ — ತಪ್ಪು ನಿಮ್ಮದಲ್ಲ ಎಂಬ ಮಾತು. ಅರ್ಧ ತಾಸು ಚಾರ್ಜ್ ನಿಂತರೆ ಯಾವ ಬ್ಯಾಟರಿಯೂ ಸಾಯುವುದಿಲ್ಲ, ಹಾಲೇಶಣ್ಣ. ನೀವು ಗಿರಣಿಯಲ್ಲಿ ಕೂತು ಕಾದದ್ದು ಸರಿಯಾಗಿಯೇ ಇತ್ತು.

ನಾಳೆ ಸೋಮವಾರ. ನೀವು ಬಂದ ಕೂಡಲೇ ಈ ಹಾಳೆಗಳನ್ನು ಕೊಡುತ್ತೇನೆ, ಓದಿ ಮುಗಿಸುವ ತನಕ ಎದುರಿಗೇ ನಿಂತಿರುತ್ತೇನೆ. ನಿಮ್ಮ ಡಬ್ಬಿಯಲ್ಲಿ ಆ ಬಿಲ್ಲು ಇನ್ನೂ ಇದೆ, ಕೆಳಗೆ ನಾಗವೇಣಿ ಎಂದು ಸಹಿ ಇದೆ. ಅದು ನನ್ನದೇ. ಆಮೇಲೆ ನೀವು ಏನು ಮಾಡಿದರೂ ಸರಿ. ಕರೆದುಕೊಂಡು ಹೋಗುವುದಾದರೆ ನಿಮ್ಮ ಜೊತೆಗೇ ಭಾನುವಳ್ಳಿಯ ಬಸ್ಸು ಹತ್ತುತ್ತೇನೆ. ರತ್ನಕ್ಕನ ಎದುರು ಕೂತು ಕ್ಯಾಮರಾ ಆನ್ ಮಾಡುತ್ತೇನೆ. ಒಳಗೆ ಒಂದು ಫೋಟೋ ಇದೆ ಎಂದು ಅವರು ಹೇಳುತ್ತಾ ಬಂದದ್ದು ಸುಳ್ಳಲ್ಲ ಎಂದು ಹೇಳುತ್ತೇನೆ. ಅವರು ಪರದೆಯನ್ನು ಕಣ್ಣಿನ ಹತ್ತಿರ ಹಿಡಿದು ನೋಡುತ್ತಾರೆ. ಸರಿಯಾಗಿ ಕಾಣದೆ, ಮುಖ ಹೇಗಿದೆ ಹೇಳು ಎಂದು ನನ್ನನ್ನೇ ಕೇಳುತ್ತಾರೆ. ಅದು ಯಾರ ಮುಖ ಎಂದು ಆಗ ನಾನು ಬಾಯಿಬಿಟ್ಟು ಹೇಳಬೇಕು.